ಜೇವರ್ಗಿಯ ಕಂಪ್ಯೂಟರು, ಯಡ್ರಾಮಿಯ ತೊಗರಿ

ಹೋದ ಚಳಿಗಾಲದಲ್ಲಿ ಗಾಣಗಾಪುರಕ್ಕೆ ಹೋಗಿ ಮರಳುವಾಗ ಚೌಡಾಪುರದಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ರಸ್ತೆಯ ಪಕ್ಕದಲ್ಲಿ ಹೆಂಗಸೊಬ್ಬಳು ಕಲ್ಲಿನ ಒಲೆ ಹೂಡಿ, ಹಸಿ ತೊಗರಿಕಾಯಿಗೆ ಉಪ್ಪು ಹಾಕಿ ಕುದಿಸುತ್ತಿದ್ದಳು. ಮುಚ್ಚಳ ತೆಗೆದಾಗ ಎದ್ದ ಹಬೆ ನೇರವಾಗಿ ನನ್ನ ಮುಖಕ್ಕೆ ಬಂತು. ಒಗರು, ಸಿಹಿ, ಜೊತೆಗೆ ಎರೆಮಣ್ಣಿನದೇ ಒಂದು ವಾಸನೆ. ಬಸ್ಸು ಬಂತು, ಹತ್ತಿದೆ, ಕಿಟಕಿಯ ಪಕ್ಕ ಕುಳಿತೆ. ಜೇವರ್ಗಿಯಲ್ಲಿ ಕಳೆದ ಒಂದು ತೊಗರಿ ಹಂಗಾಮು ಮನೆ ಮುಟ್ಟುವತನಕ ನನ್ನನ್ನು ಬಿಡಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಆಳಂದದವಳು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದು, ಮುಂದೇನು ಎಂದು ಮನೆಯಲ್ಲಿ ಎಲ್ಲರೂ ನನಗಿಂತ ಹೆಚ್ಚು ಯೋಚಿಸುತ್ತಿದ್ದಾಗ, ತೊಗರಿಯ ಕೀಟಗಳ ಬಗ್ಗೆ ಸಂಶೋಧನೆ ಮಾಡುವ ಯೋಜನೆಯೊಂದರಲ್ಲಿ ಕೆಲಸ ಸಿಕ್ಕಿತು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕು ನಮ್ಮ ಪಾಲಿನವು. ಕಚೇರಿ ಜೇವರ್ಗಿಯಲ್ಲಿ. ಕಚೇರಿ ಎಂದರೆ ಬಾಡಿಗೆಗೆ ಹಿಡಿದ ಹಳೆಯ ಮನೆ. ನೆಲಕ್ಕೆ ಪರಸಿಗಲ್ಲು, ಅಂಗಳದಲ್ಲೊಂದು ಬೇವಿನ ಮರ.

ನಮ್ಮ ಶತ್ರು ಕಾಯಿಕೊರಕ ಹುಳು. ತೊಗರಿ ಹೂ ಬಿಟ್ಟಾಗ ಪತಂಗ ಬಂದು ತತ್ತಿ ಇಡುತ್ತದೆ. ತತ್ತಿಯೊಡೆದ ಹುಳು ಕಾಯಿ ಕೊರೆದು, ತಲೆ ಒಳಗೆ ತೂರಿಸಿ ಕಾಳು ತಿನ್ನುತ್ತದೆ. ಎಳೆಯದಿದ್ದಾಗ ಬೇವಿನ ಬೀಜದ ಕಷಾಯಕ್ಕೂ ಸಾಯುವ ಈ ಹುಳು, ದಪ್ಪಗಾದ ಮೇಲೆ ಎಂಥ ಔಷಧಿಗೂ ಜಗ್ಗುವುದಿಲ್ಲ. ಹಾಗಾಗಿ ಯಾವ ಔಷಧಿ ಎನ್ನುವುದಕ್ಕಿಂತ ಯಾವ ದಿನ ಎನ್ನುವುದೇ ದೊಡ್ಡ ಪ್ರಶ್ನೆ. ಅದನ್ನು ಮೊದಲೇ ಹೇಳುವುದು ನಮ್ಮ ಕೆಲಸ. ಮೂರೂ ತಾಲ್ಲೂಕಿನ ಆಯ್ದ ಹೊಲಗಳಲ್ಲಿ ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆ ಕಟ್ಟಿದ್ದೆವು, ಅಲ್ಲಿ ತೊಗರಿ ಬಿತ್ತಿದ ದಿನವನ್ನೂ ಬರೆದಿಟ್ಟುಕೊಂಡಿದ್ದೆವು. ಬೆಳಿಗ್ಗೆ ಎಷ್ಟು ಬಿದ್ದಿವೆ ಎಂದು ಹೊಲದವರು ಎಣಿಸಿ, ವಾರಕ್ಕೊಮ್ಮೆ ಕಾರ್ಡಿನಲ್ಲಿ ಬರೆದು ಕಳಿಸುತ್ತಿದ್ದರು. ಮಳೆ ಎಷ್ಟು, ಬಿಸಿಲು ಎಷ್ಟು ಎಂಬ ಅಂಕಿಗಳು ಬೇರೆ ಕಡೆಯಿಂದ ಬರುತ್ತಿದ್ದವು. ಇವೆಲ್ಲವನ್ನೂ ಕೂಡಿಸಿ, ಯಾವ ತಾಲ್ಲೂಕಿನಲ್ಲಿ ಯಾವ ವಾರ ತತ್ತಿ ಒಡೆಯುತ್ತವೆ ಎಂದು ಲೆಕ್ಕ ಹಾಕಬೇಕು. ಹಿಂದಿನ ವರ್ಷ ಇದನ್ನು ಕೈಯಿಂದಲೇ ಮಾಡಿದ್ದರಂತೆ. ಸಲಹೆ ಸಿದ್ಧವಾಗುವಷ್ಟರಲ್ಲಿ ಹುಳು ಹೊಟ್ಟೆ ತುಂಬ ತಿಂದು ಮಣ್ಣಿಗೆ ಇಳಿದಿರುತ್ತಿತ್ತು.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಕಂಪ್ಯೂಟರು ಬಂತು. ಕಲಬುರಗಿಯಿಂದ ಜೀಪಿನಲ್ಲಿ, ಕೌದಿಯಲ್ಲಿ ಸುತ್ತಿಕೊಂಡು ಬಂತು. ತಂದವರು ನಮ್ಮ ಯೋಜನೆಯ ಮುಖ್ಯಸ್ಥರಾದ ಪಾಟೀಲ ಸರ್. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಐವತ್ತು ದಾಟಿದ ಕೀಟಶಾಸ್ತ್ರಜ್ಞರು. ಹುಳು ಹುಪ್ಪಡಿಯ ವಿಷಯದಲ್ಲಿ ಅವರಿಗೆ ಅಂಜಿಕೆಯೇ ಇರಲಿಲ್ಲ. ಈ ಯಂತ್ರದ ವಿಷಯದಲ್ಲಿ ಮಾತ್ರ ಬಹಳ ಇತ್ತು. ಅದು ನಡೆಯುತ್ತಿದ್ದಷ್ಟು ಹೊತ್ತೂ ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲೇ ನಿಲ್ಲುತ್ತಿದ್ದರು. ಒಲೆಯ ಮೇಲೆ ಹಾಲಿಟ್ಟು ನಿಂತವರ ಹಾಗೆ.

ಅದನ್ನು ನಡೆಸಲು ಬಂದವಳು ಮೆಹರುನ್ನೀಸಾ. ಜೇವರ್ಗಿಯವಳೇ. ತಂದೆಗೆ ಸೈಕಲ್ ಅಂಗಡಿ. ಕಲಬುರಗಿಯಲ್ಲಿ ಬಿ.ಎಸ್ಸಿ. ಮುಗಿಸಿ, ಹೈದರಾಬಾದಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಪ್ರೋಗ್ರಾಂ ಬರೆಯುವುದನ್ನು ಕಲಿತು ಬಂದಿದ್ದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ನಮ್ಮೊಡನೆ ಕನ್ನಡ, ಅಪ್ಪನೊಡನೆ ಉರ್ದು. ಕಂಪ್ಯೂಟರಿನೊಡನೆಯೂ ಉರ್ದುವೇ. “ಚಲ್ ಬೇಟಾ, ಚಲ್” ಎಂದು ಅದರ ಬೆನ್ನು ತಟ್ಟಿಯೇ ಕೆಲಸ ಶುರುಮಾಡುತ್ತಿದ್ದಳು.

ಮೊದಮೊದಲು ಲೆಕ್ಕ ಬಿಡಿಬಿಡಿಯಾಗಿ ನಡೆಯುತ್ತಿತ್ತು. ಕಾರ್ಡಿನ ಅಂಕಿ ಓದಿ ತಪ್ಪು ಹುಡುಕುವುದಕ್ಕೆ ಒಂದು ಪ್ರೋಗ್ರಾಂ. ಅದಕ್ಕೆ ಮಳೆ ಬಿಸಿಲು ಜೋಡಿಸುವುದಕ್ಕೆ ಇನ್ನೊಂದು. ತತ್ತಿ ಒಡೆಯುವ ದಿನ ಲೆಕ್ಕ ಹಾಕುವುದಕ್ಕೆ ಮತ್ತೊಂದು. ಕೊನೆಗೆ ಸಲಹೆಯ ಹಾಳೆ ಅಚ್ಚುಮಾಡುವುದು. ಒಂದರ ಉತ್ತರ ಇನ್ನೊಂದಕ್ಕೆ ಕೊಡಬೇಕು, ಮೂರು ತಾಲ್ಲೂಕಿಗೂ ಹೀಗೆ ಮಾಡಬೇಕು. ನಡುವೆ ಕರೆಂಟು ಹೋಗುತ್ತಿತ್ತು. ಬಂದಾಗ ಎಲ್ಲಿಗೆ ನಿಲ್ಲಿಸಿದ್ದೆವು ಎಂದು ನಾನು ಮೆಹರಳ ಮುಖ ನೋಡುತ್ತಿದ್ದೆ, ಅವಳು ನನ್ನ ಮುಖ ನೋಡುತ್ತಿದ್ದಳು.

ಒಂದು ಸೋಮವಾರ ಆಳಂದದ ಹಾಳೆ ಅಚ್ಚಾಗಿ ಬಂತು. ನೋಡಿದರೆ ಹಿಂದಿನ ವಾರ ಭರ್ಜರಿ ಮಳೆ.

“ಮೆಹರ್, ಇದು ಆಳಂದದ ಮಳಿ ಅಲ್ಲ. ಐತ್ವಾರ ಊರಿಗೆ ಹೋಗಿದ್ದೆ, ಒಂದು ಹನಿ ಬಿದ್ದಿಲ್ಲ. ನಮ್ಮವ್ವ ಮಳಿಗೆ ಬೈಕೋತ ಕುಂತಿದ್ಳು.”

ಅವಳು ಹಿಂದಕ್ಕೆ ಹಿಂದಕ್ಕೆ ಹುಡುಕುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಮೊದಲು ಅಫಜಲಪುರದ ಲೆಕ್ಕ ಮಾಡಿದ್ದೆವು. ಅದರ ಮಳೆಯ ಅಂಕಿಗಳು ಡಿಸ್ಕಿನಲ್ಲೇ ಉಳಿದಿದ್ದವು. ಆಳಂದದ ಸರದಿ ಬಂದಾಗ ಹೊಸದನ್ನು ತುಂಬುವ ಮೊದಲೇ ಕರೆಂಟು ಹೋಗಿತ್ತು. ಬಂದಮೇಲೆ ಲೆಕ್ಕ ಹಳೆಯ ಮಳೆಯ ಮೇಲೆಯೇ ನಡೆದುಬಿಟ್ಟಿತ್ತು. ಯಂತ್ರ ತಕರಾರು ಮಾಡಿರಲಿಲ್ಲ. ಅಂಕಿ ಇತ್ತು, ಕೂಡಿಸಿತ್ತು.

ಪಾಟೀಲ ಸರ್ ಹಾಳೆಯನ್ನು ಬಹಳ ಹೊತ್ತು ನೋಡಿದರು. “ಇದೊಂದು ಸಿಕ್ತು ಖರೆ. ಸಿಗಲಾರದ್ದು ಎಷ್ಟ ಅದಾವೋ” ಎಂದರು.

ಆ ಮಾತು ಮೆಹರಳಿಗೆ ನಾಟಿತು. ಎರಡು ದಿನ ಬಿಟ್ಟು ಅವಳೇ ಸರ್ ಮುಂದೆ ಹೋಗಿ ನಿಂತಳು. “ಸರ್, ಈ ಎಲ್ಲಾ ಕೆಲಸಾನೂ ಒಂದ ಸರಪಳಿ ಮಾಡ್ತೇನ್ರಿ. ಯಾವ್ದು ಮೊದಲ, ಯಾವ್ದು ಆಮ್ಯಾಲ ಅನ್ನೋದು ಅದಕ್ಕ ಬರದು ಕೊಡ್ತೇನಿ. ನಾವು ಒಮ್ಮಿ ಶುರು ಮಾಡೋದು ಅಷ್ಟ. ಯಾವ ಹೆಜ್ಜಿಗೆ ಏನು ಬೇಕೋ ಅದು ಬಂದದೋ ಇಲ್ಲೋ ತಾನ ನೋಡ್ತದ. ಬಂದಿಲ್ಲಂದ್ರ ಅಲ್ಲೇ ನಿಂದ್ರತದ.”

“ಎಲ್ಲಾ ಅದಕ್ಕ ಬಿಟ್ಟು ನಾವೇನ್ ಮಾಡೋಣವಾ ಮತ್ತ?” ಸರ್ ಒಪ್ಪಲಿಲ್ಲ. “ಮನಷಾ ಮುಂದ ನಿಂತು ಒಂದೊಂದು ನೋಡಿ ಮಾಡಿದ್ರನ ಇಷ್ಟು ತಪ್ಪಾತು. ಅದರ ಪಾಡಿಗೆ ಅದಕ್ಕ ಬಿಟ್ರ?”

“ಮನಷಾ ಮುಂದ ನಿಂತದ್ದಕ್ಕ ತಪ್ಪಾತ್ರಿ ಸರ್” ಎಂದಳು ಮೆಹರ್ ಮೆಲ್ಲಗೆ. “ನಮಗ ನೆನಪು ಉಳಿಯಂಗಿಲ್ಲ.”

ಸರ್ ಹುಬ್ಬು ಗಂಟಿಕ್ಕಿದರು. ನಾನು ನಡುವೆ ಬಾಯಿ ಹಾಕಿದೆ. ಅವರಿಗೆ ಹೋಳಿಗೆ ಎಂದರೆ ಪ್ರಾಣ ಎಂಬುದು ಕಚೇರಿಗೆಲ್ಲ ಗೊತ್ತಿತ್ತು. “ಸರ್, ಹೋಳಿಗಿ ಮಾಡೋಮುಂದ ಬ್ಯಾಳಿ ಕುದಸಬೇಕು, ಹೂರಣ ರುಬ್ಬಬೇಕು, ಕಣಕ ನಾದಬೇಕು. ಹೂರಣ ಕೆಟ್ರ ಹೂರಣ ಅಷ್ಟ ಮತ್ತ ಮಾಡ್ತೀವಿ. ಕಣಕ ಮತ್ತ ನಾದಂಗಿಲ್ಲ. ಈ ಸರಪಳಿನೂ ಹಂಗ. ಯಾವ ಅಂಕಿ ಬದಲಿ ಆತೋ ಅದಕ್ಕ ಹತ್ತಿದ ಹೆಜ್ಜಿ ಅಷ್ಟ ಮತ್ತ ಮಾಡ್ತದ. ಉಳದದ್ದು ಮುಟ್ಟಂಗಿಲ್ಲ.”

ಸರ್ ನಕ್ಕರು. “ಮಾಡ್ರಿ ನೋಡೋಣ. ಖರೆ ನಾ ಮುಂದ ನಿಂದ್ರೋದು ನಿಂದ್ರತೇನಿ.”

ಶ್ರಾವಣ ಪೂರ್ತಿ ಅದೇ ಕೆಲಸ. ಹೊರಗೆ ಜಿಟಿಜಿಟಿ ಮಳೆ, ಎರೆಮಣ್ಣು ಚಪ್ಪಲಿಗೆ ಮೆತ್ತಿ ಬಾಗಿಲಲ್ಲೇ ಒಂದೊಂದು ಗುಡ್ಡೆ. ಒಳಗೆ ಮೆಹರ್ ಬರೆಯುತ್ತಿದ್ದಳು, ನಾನು ಒಂದೊಂದು ಹೆಜ್ಜೆಯ ಲೆಕ್ಕವನ್ನು ಕೈಯಿಂದ ಮಾಡಿ ತಾಳೆ ನೋಡುತ್ತಿದ್ದೆ. ಪ್ರತಿ ಹಾಳೆಯ ಅಡಿಯಲ್ಲಿ ಆ ಹಾಳೆ ಯಾವ ಯಾವ ಅಂಕಿಗಳಿಂದ, ಯಾವ ದಿನ, ಎಷ್ಟು ಹೊತ್ತಿಗೆ ತಯಾರಾಯಿತು ಎಂದು ಸಣ್ಣಕ್ಷರದಲ್ಲಿ ಬರುವಂತೆ ಮಾಡಿದಳು. ಹಾಳೆ ನೋಡಿದರೆ ಅದರ ವಂಶಾವಳಿ ಗೊತ್ತಾಗಬೇಕು ಎನ್ನುವುದು ಅವಳ ಹಟ. ಮುಗಿದ ದಿನ ನಾನು ಬೇಕೆಂದೇ ಅಫಜಲಪುರದ ಮಳೆ ತೆಗೆದಿಟ್ಟು ಸರಪಳಿ ಶುರುಮಾಡಿದೆ. ಯಂತ್ರ ಸ್ವಲ್ಪ ದೂರ ಓಡಿ ನಿಂತಿತು. ಇಂಗ್ಲಿಷ್ ಅಕ್ಷರದಲ್ಲಿ, ಅಪ್ಪಟ ಜೇವರ್ಗಿಯ ಮಾತಿನಲ್ಲಿ, ‘ಅಫಜಲಪುರದ ಮಳಿ ಬಂದಿಲ್ರಿ, ಮುಂದ ಹೋಗಂಗಿಲ್ಲ’ ಎಂದು ಪರದೆಯ ಮೇಲೆ ಬಂತು. ಪಾಟೀಲ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ಪಕ್ಕದಲ್ಲಿ ನಿಲ್ಲುವುದನ್ನು ಬಿಡಲಿಲ್ಲ.

ನಮ್ಮ ಸಲಹೆಯನ್ನು ನಿಜವಾಗಿ ಪರೀಕ್ಷಿಸುವವರು ಬೇಕಿತ್ತು. ನಾವು ಹೇಳಿದ ದಿನವೇ ಸಿಂಪಡಿಸುತ್ತೇನೆ, ಬೇರೆ ದಿನ ಇಲ್ಲ ಎಂದು ಒಪ್ಪುವ ರೈತರು. ತಾಲ್ಲೂಕಿಗೆ ಒಬ್ಬರಂತೆ ಹುಡುಕಿದೆವು. ಜೇವರ್ಗಿಯ ಪಾಲಿಗೆ ಸಿಕ್ಕವರು ಯಡ್ರಾಮಿಯ ಹತ್ತಿರದ ಹಳ್ಳಿಯ ಮಾದೇವಮ್ಮ. ಗಂಡ ಲಾರಿ ಓಡಿಸುತ್ತ ಊರೂರು ತಿರುಗುತ್ತಿದ್ದ, ಹೊಲದ ಯಜಮಾನಿಕೆ ಆಕೆಯದೇ. ಎತ್ತರದ ಹೆಂಗಸು, ದೊಡ್ಡ ದನಿ. ಮಾತಾಡುವಾಗ ನೋಟ ಎದುರಿನವರ ಕಣ್ಣು ಬಿಟ್ಟು ಕದಲುತ್ತಿರಲಿಲ್ಲ.

“ನೀವು ಹೇಳಿದ ದಿನಾನ ಹೊಡೀತೇನಿ” ಎಂದರು. “ತಪ್ಪಿತಂದ್ರ ಬುತ್ತಿ ಕಟಗೊಂಡು ಬಂದು ನಿಮ್ಮ ಆಫೀಸಿನ ಮುಂದ ಕೂಡ್ತೇನಿ ನೋಡ್ರಿ. ಏಳಂದ್ರ ಏಳಾಕಿ ಅಲ್ಲ ನಾ.”

ದೀಪಾವಳಿ ಕಳೆದ ಮೇಲೆ ಅವರ ಹೊಲಕ್ಕೆ ಹೋದಾಗ ಕಣ್ಣು ಹಾಯುವಷ್ಟು ದೂರ ಹಳದಿ ಹೂ. ಸುತ್ತಲಿನವರು ಪ್ರತಿ ವರ್ಷದಂತೆ ಆಗಲೇ ಒಂದು ಸಲ ಔಷಧಿ ಹೊಡೆದಿದ್ದರು, ಗಾಳಿಯಲ್ಲಿ ಅದರ ಘಾಟು ಇತ್ತು. ನಮ್ಮ ಹಾಳೆ ಮಾತ್ರ ಜೇವರ್ಗಿ ತಾಲ್ಲೂಕಿಗೆ ಇನ್ನೂ ಕಾಯಿರಿ, ಮುಂದಿನ ವಾರದ ಕೊನೆಗೆ ನೋಡೋಣ ಎನ್ನುತ್ತಿತ್ತು. ರೇಡಿಯೋದಲ್ಲೂ ಹಾಗೆಯೇ ಹೇಳಿಸಿದ್ದೆವು. “ಎಲ್ಲಾರೂ ಹೊಡದ್ರು, ನಾ ಒಬ್ಬಾಕಿನ ಕೈ ಕಟ್ಟಿ ಕುಂತೀನಿ. ಊರಾಗ ನಗಾಕತ್ತಾರ” ಎಂದರು ಮಾದೇವಮ್ಮ. ಆದರೂ ಕೊಟ್ಟ ಮಾತಿಗೆ ನಿಂತಿದ್ದರು.

ಅದಾದ ಎರಡು ಮೂರು ದಿನಕ್ಕೆ, ಜೇವರ್ಗಿಯ ಬಿಸಿಲು ಮಳೆ ಅಳೆದು ನಮಗೆ ಕೊಡುತ್ತಿದ್ದ ನೌಕರರೊಬ್ಬರು ಬೆಳಿಗ್ಗೆಯೇ ಸೈಕಲ್ಲಿನಲ್ಲಿ ಬಂದರು. ದಸರೆಯ ಹೊತ್ತಿಗೆ ಅವರ ಹಳೆಯ ಥರ್ಮಾಮೀಟರು ಒಡೆದು ಹೊಸದು ಬಂದಿತ್ತು. ಅದು ತೋರಿಸುವುದರ ಮೇಲೆ ಅವರಿಗೆ ಅನುಮಾನ ಬಂದು ಇನ್ನೊಂದರ ಜೊತೆ ಇಟ್ಟು ನೋಡಿದ್ದರು. “ಹೊಸಾದು ಕಡಿಮಿ ತೋರಸಾಕತ್ತದ್ರಿ. ಖರೆ ಬಿಸಲು ಅದಕ್ಕಿಂತ ಜಾಸ್ತಿ ಅದ” ಎಂದರು. ಎಷ್ಟು ವ್ಯತ್ಯಾಸ ಎಂದು ಹೇಳಿ, ಚಹಾ ಕುಡಿದು ಹೋದರು.

ನಾನೂ ಮೆಹರಳೂ ಒಬ್ಬರನ್ನೊಬ್ಬರು ನೋಡಿದೆವು. ಬಿಸಿಲು ಹೆಚ್ಚಿದ್ದರೆ ಹುಳು ಬೇಗ ಬೆಳೆಯುತ್ತದೆ, ಬೇಗ ಪತಂಗವಾಗುತ್ತದೆ, ಬೇಗ ತತ್ತಿ ಇಡುತ್ತದೆ. ದಸರೆಯಿಂದ ಈಚಿನ ಜೇವರ್ಗಿಯ ಲೆಕ್ಕವೆಲ್ಲ ಮತ್ತೆ ಆಗಬೇಕು. ಹಿಂದಿನ ವರ್ಷವಾಗಿದ್ದರೆ ಅದಕ್ಕೇ ಒಂದು ವಾರ ಹೋಗುತ್ತಿತ್ತು.

ಮೆಹರ್ ಬಿಸಿಲಿನ ಅಂಕಿ ತಿದ್ದಿ ಸರಪಳಿ ಶುರುಮಾಡಿದಳು. ಆಳಂದ, ಅಫಜಲಪುರದ ಹೆಜ್ಜೆಗಳನ್ನು ಯಂತ್ರ ಮುಟ್ಟದೆ ದಾಟಿತು. ಜೇವರ್ಗಿಗೆ ಬಂದು ಕೆಲಸಕ್ಕೆ ಕೂತಿತು. ನಡುವೆ ಕರೆಂಟು ಹೋಯಿತು. ಪಾಟೀಲ ಸರ್ “ಹೋತಲ್ಲ!” ಎಂದು ತಲೆಗೆ ಕೈ ಹಚ್ಚಿದರು. “ಹೋಗ್ಲಿ ಬಿಡ್ರಿ ಸರ್, ಬಂದ ಮ್ಯಾಲ ಅರ್ಧಕ್ಕ ನಿಂತ ಹೆಜ್ಜಿಯಿಂದನ ಹಿಡೀತದ” ಎಂದಳು ಮೆಹರ್. ಹಾಗೆಯೇ ಆಯಿತು. ಮಧ್ಯಾಹ್ನಕ್ಕೆ ಮೊದಲೇ ಹೊಸ ಹಾಳೆ ಕೈಯಲ್ಲಿತ್ತು. ತತ್ತಿ ಒಡೆಯುವುದು ಮುಂದಿನ ವಾರದ ಕೊನೆಗಲ್ಲ, ಈಗಲೇ.

ಸರ್ ಕುರ್ಚಿಯಲ್ಲಿ ಕುಸಿದು ಕುಳಿತರು. “ರೇಡಿಯೋದಾಗ ಹೇಳಿಸೇವಿ. ಹಳ್ಳಿಹಳ್ಳಿ ಚಾವಡಿಗೆ ಚೀಟಿ ಹಚ್ಚೇವಿ. ಇವತ್ತ ಬದಲಿ ಮಾಡಿದ್ರ ಜನ ಏನಂತಾರ? ಮುಂದ ನಮ್ಮ ಮಾತು ಯಾರರ ಕೇಳ್ತಾರೇನು?”

“ಜನ ಏನಂತಾರ ಗೊತ್ತಿಲ್ರಿ ಸರ್” ಎಂದಳು ಮೆಹರ್. “ಹುಳಾ ಮಾತ್ರ ನಮ್ಮ ಚೀಟಿ ಓದಂಗಿಲ್ಲ.”

ನಾನು ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಅವರ ಮುಂದೆ ಇಟ್ಟೆ. ಎರಡರ ಅಡಿಯಲ್ಲೂ ಸಣ್ಣಕ್ಷರದ ವಂಶಾವಳಿ ಇತ್ತು. ಕಾರ್ಡುಗಳು ಅವೇ, ಮಳೆ ಅದೇ, ಬಿತ್ತಿದ ದಿನ ಅದೇ. ಬದಲಾದದ್ದು ಬಿಸಿಲು ಒಂದೇ. ಅವರು ಬೆರಳಿಟ್ಟು ಒಂದೊಂದೇ ಸಾಲು ಹೋಲಿಸಿದರು. ಅವರ ಮುಖ ಬಿಚ್ಚಿಕೊಳ್ಳುತ್ತ ಬಂತು.

“ಯಾಕ ಬದಲಾತು ಅಂತ ಕೇಳಿದ್ರ ಹೇಳಾಕ ಬರ್ತದಲ್ಲ ಹಂಗಾದ್ರ” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಎದ್ದು, ಟಪಾಲು ಕಚೇರಿಯಿಂದ ರೇಡಿಯೋದವರಿಗೆ ಟ್ರಂಕ್ ಕಾಲ್ ಮಾಡಿ ಬಂದರು. ಜೀಪಿನ ಹತ್ತಿರ ನಿಂತು ಕೂಗಿದರು: “ಬರ್ರಿ ಇಬ್ರೂ. ಮಾದೇವಮ್ಮಗ ನಾವ ಹೇಳೋಣ.”

ಜೀಪು ಯಡ್ರಾಮಿಯ ದಾರಿ ಹಿಡಿಯಿತು. ಮಾದೇವಮ್ಮ ಹೊಲದಲ್ಲೇ ಇದ್ದರು. ಸರ್ ವಿಷಯ ಹೇಳಿದರು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಮೂವರನ್ನೂ ನೋಡಿದರು.

“ಮೊನ್ನಿ ಬ್ಯಾಡ ಅಂದ್ರಿ. ಇವತ್ತ ಹೊಡಿ ಅಂತೀರಿ. ಏನ್ರೀ ಇದು, ಆಟ ಹಚ್ಚೀರೇನು?”

ಮೆಹರ್ ಮುಂದೆ ಬಂದು ಥರ್ಮಾಮೀಟರಿನ ಕಥೆ ಪೂರ್ತಿ ಹೇಳಿದಳು. ಏನನ್ನೂ ಮುಚ್ಚಲಿಲ್ಲ.

“ಹಂಗಾದ್ರ ಮುಂದಿನ ವಾರ ಮತ್ತ ಬಂದು ಬದಲಿ ಹೇಳ್ತೀರೇನವಾ?”

“ಹೊಸಾ ಸುದ್ದಿ ಗೊತ್ತಾದ್ರ ಬಂದು ಹೇಳ್ತೀವ್ರಿ ಅಮ್ಮಾ. ಹಳೀದ ಖರೆ ಅಂತ ಸುಮ್ನ ಕೂಡಂಗಿಲ್ಲ.”

ಪಾಟೀಲ ಸರ್ ಆಗಲೇ ಗಿಡಗಳ ನಡುವೆ ಹೊಕ್ಕು, ಒಂದು ಟೊಂಗೆ ಬಗ್ಗಿಸಿ, ಜೇಬಿನಿಂದ ಭೂತಗನ್ನಡಿ ತೆಗೆದು ಹಿಡಿದಿದ್ದರು. “ಬರ್ರಿ ಇಲ್ಲಿ” ಎಂದರು. ಮೊಗ್ಗಿನ ಮೇಲೆ ಗಸಗಸೆಗಿಂತ ಸಣ್ಣ, ತೆಳು ಹಳದಿ ತತ್ತಿಗಳು. ಕೆಲವು ಕಂದುಬಣ್ಣಕ್ಕೆ ತಿರುಗಿದ್ದವು, ಒಡೆಯುವ ಹೊತ್ತು ಬಂದಿತ್ತು ಎಂದು ಅರ್ಥ. ಮಾದೇವಮ್ಮ ಭೂತಗನ್ನಡಿ ಇಸಿದುಕೊಂಡು ಒಂದು ಗಿಡ, ಇನ್ನೊಂದು ಗಿಡ, ಮತ್ತೊಂದು ಗಿಡ ನೋಡಿದರು. ಕನ್ನಡಿ ತಿರುಗಿ ಕೊಟ್ಟು, “ಬೇವಿನ ಬೀಜ ಕುಟ್ಟಿ ಇಟ್ಟೀನಿ. ಇವತ್ತ ಸಂಜಿಗೆ ನೆನಿ ಹಾಕ್ತೇನಿ, ನಾಳಿಗೆ ಸೋಸಿ ಹೊಡೀತೇನಿ” ಎಂದರು. ನಾವು ಜೀಪು ಹತ್ತುವಾಗ ಮೆಹರಳ ಉಡಿ ತುಂಬ ಬಾರೆಹಣ್ಣು ಸುರಿದರು.

ಆ ಊರಲ್ಲಿ ನಮ್ಮ ಎರಡನೇ ಚೀಟಿ ಓದಿ ಹಲವರು ನಕ್ಕರು, ಕೆಲವರು ಕೇಳಿದರು. ಕೇಳಿದವರು ಆ ವರ್ಷ ನಮ್ಮ ಪಾಲಿಗೆ ನೆಂಟರಾದರು. ಮೊದಲೇ ಹೊಡೆದು ಸುಮ್ಮನಾದವರ ಹೊಲದಲ್ಲಿ ಕಾಯಿಗಳ ಮೇಲೆಲ್ಲ ದುಂಡನೆಯ ತೂತು. ಮಾದೇವಮ್ಮನ ಹೊಲದಲ್ಲಿ ತೂತು ಹುಡುಕಬೇಕಾಯಿತು. ರಾಶಿಯ ದಿನ ನಾವು ಹೋದಾಗ, ಗಾಳಿಗೆ ತೂರಿದ ತೊಗರಿ ಕಣದಲ್ಲಿ ಕೆಂಪಗೆ ಬಿದ್ದಿತ್ತು. ಮಾದೇವಮ್ಮ ಬೊಗಸೆ ತುಂಬ ಎತ್ತಿ ಪಾಟೀಲ ಸರ್ ಮೂಗಿನ ಕೆಳಗೆ ಹಿಡಿದು, “ನೋಡ್ರಿ ಸಾಹೇಬ್ರ, ಒಂದರ ಕಾಳಿಗೆ ಹಲ್ಲಿನ ಗುರತು ಅದೇನು?” ಎಂದು ದೊಡ್ಡ ದನಿಯಲ್ಲಿ ನಕ್ಕರು. ಮೆಹರ್ ಕಣದ ಅಂಚಿಗೆ ನಿಂತು ಕಣ್ಣೊರೆಸಿಕೊಂಡಳು. ಧೂಳು ಎಂದಳು. ಧೂಳೂ ಇತ್ತು.

ಕೊನೆಯ ಪರೀಕ್ಷೆ ಇನ್ನೂ ಬಾಕಿ ಇತ್ತು. ಯುಗಾದಿಗೆ ಮೊದಲು ಬೆಂಗಳೂರಿನಿಂದ ಹಿರಿಯ ಅಧಿಕಾರಿಯೊಬ್ಬರು ಬಂದರು. ಯೋಜನೆ ಮುಂದುವರಿಯಬೇಕೋ ಬೇಡವೋ ಎಂದು ಬರೆಯುವವರು ಅವರೇ. ವರದಿ ತಿರುವಿ ನೋಡಿ, “ಅಂಕಿಗಳು ಚೆನ್ನಾಗಿವೆ. ಇಷ್ಟು ಚೆನ್ನಾಗಿದ್ದರೆ ನನಗೆ ಅನುಮಾನ ಬರುತ್ತದೆ. ನನ್ನೆದುರಿಗೆ ಇಡೀ ವರ್ಷದ್ದನ್ನು ಮೊದಲಿನಿಂದ ಮಾಡಿ ತೋರಿಸಿ” ಎಂದರು.

ಮೆಹರ್ ನನ್ನ ಕಡೆ ನೋಡಿದಳು. ನಾನು ಹೂಂ ಎಂದೆ. ಕಾರ್ಡಿನ ಅಂಕಿ, ಮಳೆ, ಬಿಸಿಲು, ಬಿತ್ತಿದ ದಿನ, ಇಷ್ಟನ್ನು ಮಾತ್ರ ಉಳಿಸಿ, ಯಂತ್ರ ಲೆಕ್ಕ ಹಾಕಿದ್ದನ್ನೆಲ್ಲ ಅವಳು ಅವರೆದುರೇ ಅಳಿಸಿದಳು. ಒಂದು ವರ್ಷದ ಕೆಲಸ ಪರದೆಯಿಂದ ಸಾಲುಸಾಲಾಗಿ ಮಾಯವಾಗುವುದನ್ನು ನೋಡುವುದು ಸುಲಭವಲ್ಲ. “ಚಲ್ ಬೇಟಾ” ಎಂದಳು, ಮೆಲ್ಲಗೆ. ಸರಪಳಿ ಹೊರಟಿತು.

ಅಷ್ಟರಲ್ಲಿ ಅಂಗಳದಿಂದ ಪರಿಚಯದ ದೊಡ್ಡ ದನಿ ಕೇಳಿತು. ಸಂತೆಗೆಂದು ಬಂದಿದ್ದ ಮಾದೇವಮ್ಮ ಬುಟ್ಟಿ ತುಂಬ ಜೋಳದ ರೊಟ್ಟಿ, ಹೊಸ ತೊಗರಿಯ ಬೇಳೆ ಪಲ್ಯ, ಚಟ್ನಿಗೆಂದು ಶೇಂಗಾ ಹಿಂಡಿ ಹೊತ್ತು ತಂದಿದ್ದರು. “ಬುತ್ತಿ ಕಟಗೊಂಡು ಬಂದೀನ್ರಿ. ಜಗಳಕ್ಕಲ್ಲ, ಉಣ್ಣಾಕ” ಎಂದರು. ಅಧಿಕಾರಿಗಳು ಸಂಕೋಚ ಪಟ್ಟರು. ಆಕೆ ಕೇಳುವವರಲ್ಲ. ಬೇವಿನ ಮರದ ಕೆಳಗೆ ಚಾಪೆ ಹಾಸಿ ಎಲ್ಲರನ್ನೂ ಕೂಡಿಸಿದರು. ಬೇವು ಆಗ ಹೂ ಬಿಟ್ಟಿತ್ತು, ಊಟದ ತಟ್ಟೆಯ ಮೇಲೆ ಒಂದೊಂದು ಹೂ ಉದುರುತ್ತಿತ್ತು. ಒಳಗಿನಿಂದ ಅಚ್ಚುಯಂತ್ರದ ಕರಕರ ಸದ್ದು ಬರುತ್ತಿತ್ತು. ಒಂದು ಸಾಲು ಆ ಕಡೆಗೆ, ಒಂದು ಸಾಲು ಈ ಕಡೆಗೆ. ಮುಂಗಾರು, ಶ್ರಾವಣ, ದಸರಾ, ದೀಪಾವಳಿ ಎಲ್ಲ ಮತ್ತೊಮ್ಮೆ ಒಳಗೆ ನಡೆಯುತ್ತಿದ್ದವು. ನಾವು ಹೊರಗೆ ರೊಟ್ಟಿ ಮುರಿಯುತ್ತಿದ್ದೆವು.

ಸದ್ದು ನಿಂತಿತು.

ಮೆಹರ್ ಅರ್ಧಕ್ಕೆ ಎದ್ದಳು. ನಾನೂ ಎದ್ದೆ. ಪಾಟೀಲ ಸರ್ ಮಾತ್ರ ಚಕ್ಕಳಮಕ್ಕಳ ಹಾಕಿ ಕುಳಿತವರು ಕದಲಲಿಲ್ಲ. ಹಂಗಾಮು ಪೂರ್ತಿ ಯಂತ್ರದ ಪಕ್ಕ ಬಿಟ್ಟು ಸರಿಯದ ಮನುಷ್ಯ, ಹಿಂಡಿಗೆ ಎಣ್ಣೆ ಹಾಕಿಕೊಳ್ಳುತ್ತ ನಮ್ಮನ್ನು ಕೈಯಿಂದಲೇ ಕೂಡಿಸಿದರು.

“ಕುಂದರ್ರಿ, ಕುಂದರ್ರಿ. ಊಟಾ ಮುಗಸ್ರಿ. ಅದು ತನ್ನ ಕೆಲಸ ಮಾಡೇದ” ಎಂದು ಹೇಳಿ, ಮಾದೇವಮ್ಮನ ಕಡೆ ತಿರುಗಿ ಇನ್ನೊಂದು ರೊಟ್ಟಿ ಕೇಳಿದರು.

ನಾವೂ ಕುಳಿತು ಉಂಡೆವು. ಅಧಿಕಾರಿಗಳೂ ಇನ್ನೊಂದು ಹಾಕಿಸಿಕೊಂಡರು. ಕೈ ತೊಳೆದು ಎಲ್ಲರೂ ಒಳಗೆ ಹೋದಾಗ, ಹೊಸ ಹಾಳೆಗಳು ನೆಲದ ಮೇಲೆ ಮಡಿಕೆ ಮಡಿಕೆಯಾಗಿ ಬಿದ್ದಿದ್ದವು. ಅವರು ವರದಿಯನ್ನು ಪಕ್ಕದಲ್ಲಿಟ್ಟುಕೊಂಡು ಪರಸಿಗಲ್ಲಿನ ಮೇಲೆಯೇ ಕುಳಿತು, ಕನ್ನಡಕ ಏರಿಸಿ, ಮೊದಲ ಹಾಳೆಯಿಂದ ನೋಡುತ್ತ ಬಂದರು. ಕೊನೆಯ ಹಾಳೆಯತನಕ ಅಂಕಿಗೆ ಅಂಕಿ ತಾಳೆಯಾಗಿತ್ತು.